ಮೂರಂತಸ್ತಿನ ಡಬ್ಬವಾ, ಹಳೆ ಬೈರಾಸಾ?

ಹೆಸರುಕಾಳು ಮೊಳಕೆ ಬರಿಸಲಿಕ್ಕೆ ಯಾವುದು ಒಳ್ಳೆಯದು? ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಬೈರಾಸಿಗೆ, ಅಂದರೆ ಮೈ ಒರೆಸುವ ಟವೆಲಿಗೆ. ಒಗೆದು ಒಗೆದು ಮೆತ್ತಗಾದ ಬಿಳಿ ಹತ್ತಿ ಬೈರಾಸಿನ ಅರ್ಧ ತುಂಡು, ಖರ್ಚು ಸೊನ್ನೆ. ಅದರೆದುರು ಸೋತದ್ದು 380 ರೂಪಾಯಿ ಕೊಟ್ಟು ಆನ್‌ಲೈನಲ್ಲಿ ತರಿಸಿದ ಪ್ಲಾಸ್ಟಿಕ್ ಡಬ್ಬ, ಮತ್ತೆ ಒಂದು ಖಾಲಿ ಉಪ್ಪಿನಕಾಯಿ ಬಾಟ್ಲಿ.

ಕುಂಬಳೆಯಲ್ಲಿ ಬೆಳಗ್ಗಿನ ರೈಲು ಹತ್ತಿದರೆ ಮಂಗಳೂರಿನಿಂದ ನಾನು ಮನೆ ಸೇರುವಾಗ ರಾತ್ರಿ ಏಳೂವರೆ. ಅಮ್ಮನಿಗೆ ತೋಟದ ಕೆಲಸವೇ ಮುಗಿಯುವುದಿಲ್ಲ. ಹಾಗಾಗಿ ಹನ್ನೆರಡು ಗಂಟೆ ಹೆಸರುಕಾಳನ್ನು ಕೇಳುವವರಿಲ್ಲ.

ಡಬ್ಬ ಚಿತ್ರದಲ್ಲಿ ಚೆಂದ ಇತ್ತು. ಮೇಲಿನ ತಟ್ಟೆಗೆ ನೀರು ಹೊಯ್ದರೆ ತೂತುಗಳಲ್ಲಿ ಇಳಿದು ಕೆಳಗಿನ ತಟ್ಟೆಗಳಿಗೂ ಸಿಗುತ್ತದೆ. ಮೊದಲ ದಿನ ಹಾಗೇ ಆಯಿತು. ಎರಡನೇ ದಿನ ಬೇರುಗಳು ಅದೇ ತೂತುಗಳಿಗೆ ಇಳಿದವು, ಬಿಚ್ಚಿಕೊಂಡ ಸಿಪ್ಪೆ ಮೇಲೆ ಅಂಟಿತು, ನೀರು ಅಲ್ಲೇ ನಿಂತಿತು. ಒಂದು ತಟ್ಟೆ ಕೆರೆ, ಉಳಿದೆರಡು ಒಣಕಲು. ರಾತ್ರಿ ಬಂದು ಮುಚ್ಚಳ ತೆಗೆದರೆ ಹುಳಿ ನಾತ, ಮುಟ್ಟಿದರೆ ಲೋಳೆ. ಅಷ್ಟೂ ತೆಂಗಿನ ಬುಡಕ್ಕೆ ಹೋಯಿತು.

ತೊಳೆಯುವುದು ಅದಕ್ಕಿಂತ ದೊಡ್ಡ ತಲೆನೋವು. ಕಾಳು ಎಳೆದರೆ ಬೇರು ತುಂಡಾಗಿ ತೂತಿನಲ್ಲೇ ಉಳಿಯುತ್ತದೆ. ಬ್ರಶ್ಶು ಒಳಗೆ ಹೋಗುವುದಿಲ್ಲ, ಸೂಜಿ ಚುಚ್ಚಿದರೆ ಬೇರು ಸುಮ್ನೆ ಪಕ್ಕಕ್ಕೆ ಸರಿಯುತ್ತದೆ. ಕೊನೆಗೆ ಹೊಸ ಹಿಡಿಸೂಡಿಯಿಂದ ಒಂದು ಕಡ್ಡಿ ಎಳೆದು, ಒಂದೊಂದೇ ತೂತು ಬಿಡಿಸುತ್ತಾ ಕೂತೆ. "ನೀನು ಮೊಳಕೆ ಬರಿಸುದಾ, ಡಬ್ಬದ ಹಲ್ಲು ತಿಕ್ಕುದಾ?" ಅಂತ ಅಮ್ಮ ಕೇಳಿದರು. ಈಗ ಅದರಲ್ಲಿ ಬೆಳ್ಳುಳ್ಳಿ ಇಡುತ್ತಾರೆ.

ಬಾಟ್ಲಿಯ ಬಾಯಿಗೆ ಸೊಳ್ಳೆಪರದೆ ತುಂಡು ಕಟ್ಟಿ ಓರೆಯಾಗಿ ಬೋರಲು ಇಟ್ಟರೆ ಮೊಳಕೆ ಚೆನ್ನಾಗಿಯೇ ಬರುತ್ತದೆ, ಆದರೆ ಹಿಡಿಯುವುದು ಎರಡು ಹಿಡಿ ಕಾಳು.

ಬೈರಾಸಿನ ಕ್ರಮ ಇಷ್ಟೇ. ರಾತ್ರಿ ನೆನೆಹಾಕಿ, ಬೆಳಗ್ಗೆ ನೀರು ಬಸಿದು, ಒದ್ದೆ ಬೈರಾಸಿನಲ್ಲಿ ಸಡಿಲವಾಗಿ ಗಂಟು ಕಟ್ಟಿ ತೂತಿನ ಪಾತ್ರೆಯಲ್ಲಿ ಇಟ್ಟು ಹೋಗುವುದು. ನೀರು ನಿಲ್ಲುವುದಿಲ್ಲ, ಬಟ್ಟೆ ಬೇಗ ಒಣಗುವುದೂ ಇಲ್ಲ. ರಾತ್ರಿ ಬಂದು ಗಂಟನ್ನು ಒಮ್ಮೆ ನೀರಿಗೆ ಹಿಡಿದರೆ ಮರುದಿನ ಬೆಳಗ್ಗೆ ಅರ್ಧ ಇಂಚು ಬಾಲ. ಇನ್ನೊಂದು ದಿನ ಬಿಟ್ಟರೆ ಬೇರು ನೂಲಿನೊಳಗೆ ಹೊಕ್ಕು ಡಬ್ಬದ್ದೇ ಕಥೆ ಆಗುತ್ತದೆ, ನೆನಪಿರಲಿ.

ದೋಷ ಇಲ್ಲವೆಂದಲ್ಲ. ಆಟಿಯ ಮಳೆಯಲ್ಲಿ ಬೈರಾಸು ಒಣಗುವುದೇ ಇಲ್ಲ, ಮುಗ್ಗಲು ವಾಸನೆ ಹಿಡಿಯುತ್ತದೆ. ಅದಕ್ಕೆ ಎರಡು ತುಂಡು ಇಟ್ಟುಕೊಂಡಿದ್ದೇನೆ. ಒಂದನ್ನು ಕುದಿಸಿ ಬಚ್ಚಲೊಲೆಯ ಮೇಲಿನ ಹಗ್ಗದಲ್ಲಿ ಹಾಕಿದರೆ ಇನ್ನೊಂದು ಕೆಲಸದಲ್ಲಿರುತ್ತದೆ.

ಚೈನೀಸ್ ಅಡುಗೆಗೆ ಹಾಕುವ ಉದ್ದದ ದಪ್ಪ ಬಿಳಿ ಮೊಳಕೆ ಬೇಕಾದರೆ ಬೈರಾಸು ಸಾಲದು. ಕತ್ತಲಲ್ಲಿಟ್ಟು, ಮೇಲೆ ಭಾರ ಹೇರಿ, ದಿನಕ್ಕೆ ಮೂರು ನಾಲ್ಕು ಸಲ ನೀರು ಕೊಟ್ಟು ನಾಲ್ಕೈದು ದಿನ ಕಾಯಬೇಕು. ಒತ್ತಡಕ್ಕೆ ಮೊಳಕೆಯಲ್ಲಿ ಎಥಿಲೀನ್ ಅನಿಲ ಜಾಸ್ತಿಯಾಗಿ ದಂಟು ದಪ್ಪವಾಗುತ್ತದಂತೆ. ರೈಲಿನಲ್ಲಿ ಓಡಾಡುವವರಿಗೆ ಆಗುವ ಕೆಲಸವಾ ಅದು?

ಯಾವುದರಲ್ಲಿ ಬರಿಸಿದರೂ ಹಸಿ ತಿನ್ನುವುದನ್ನು ನಾನು ಬಿಟ್ಟಿದ್ದೇನೆ. ಮೊಳಕೆಗೆ ಬೇಕಾದ ಸೆಖೆ, ಒದ್ದೆ ಎರಡೂ ಬ್ಯಾಕ್ಟೀರಿಯಾಕ್ಕೂ ಇಷ್ಟ. 2011ರಲ್ಲಿ ಜರ್ಮನಿಯಲ್ಲಿ ಮೆಂತ್ಯದ ಮೊಳಕೆಯಿಂದ ಹರಡಿದ ಇ. ಕೋಲಿಗೆ 50ಕ್ಕೂ ಹೆಚ್ಚು ಜನ ಸತ್ತರು. ಬೇಯಿಸಿ, ತೆಂಗಿನೆಣ್ಣೆಯಲ್ಲಿ ಒಗ್ಗರಣೆ ಕೊಟ್ಟು, ಒಂದು ಹಿಡಿ ಕಾಯಿತುರಿ ಉದುರಿಸಿದರೆ ಕುಚ್ಚಲಕ್ಕಿ ಗಂಜಿಗೆ ಬೇರೇನೂ ಬೇಡ.

ಅಂಗಡಿಯಲ್ಲಿ ಚೆರುಪಯರ್ (ಮಲಯಾಳದಲ್ಲಿ ಹೆಸರುಕಾಳು) ಕೇಳುವಾಗ ಹೊಸ ಮಾಲಾ ಅಂತ ವಿಚಾರಿಸಿ. ನೆನೆದರೂ ಉಬ್ಬದ ಕಾಳುಗಳನ್ನು ಗಂಟು ಕಟ್ಟುವ ಮೊದಲೇ ಹೆಕ್ಕಿಬಿಡಿ. ಹೋದ ತಿಂಗಳು ಅಂಥದ್ದೊಂದು ಹಲ್ಲಿಗೆ ಸಿಕ್ಕಿ ಇವತ್ತಿಗೂ ಎಡಗಡೆ ಅಗಿಯಲಿಕ್ಕೆ ಹೆದರಿಕೆ.