ಮಾಲ್ಟಾದಲ್ಲಿ ಮೊದಲ ರಜೆ: ನಕ್ಷೆಯಲ್ಲಿ ಚಿಕ್ಕದು, ಬಸ್ಸಿನಲ್ಲಿ ದೊಡ್ಡದು

ಮಾಲ್ಟಾದ ಮುಖ್ಯ ದ್ವೀಪದ ಉದ್ದ ಸುಮಾರು 27 ಕಿ.ಮೀ. ಹೆಚ್ಚುಕಡಿಮೆ ಬಳ್ಳಾರಿಯಿಂದ ಕುರುಗೋಡಿಗೆ ಹೋದಷ್ಟು ದಾರಿ. ಈ ಅಂಕಿ ತೋರಿಸಿಯೇ ಟೂರ್ ಏಜೆಂಟರು ‘ಮೂರು ದಿನ ಸಾಕು ಸಾರ್, ಉಳಿದದ್ದು ಇಟಲಿಗೆ ಇಡೋಣ’ ಅನ್ನುತ್ತಾರೆ. ಸಾಕಾಗುವುದಿಲ್ಲ. ಆ 27 ಕಿ.ಮೀ.ನಲ್ಲಿ ಒಂದು ತುದಿಯಿಂದ ಇನ್ನೊಂದು ತುದಿ ಮುಟ್ಟಲು ಬಸ್ಸಿಗೆ ಒಂದು ಗಂಟೆ ದಾಟುತ್ತದೆ, ಬೇಸಿಗೆಯ ಟ್ರಾಫಿಕ್‌ನಲ್ಲಿ ಇನ್ನೂ ಹೆಚ್ಚು. ಹಾಗಾಗಿ ಹೋಟೆಲ್‌ಗೆ ಎಷ್ಟು ಸ್ಟಾರ್ ಇದೆ ಅನ್ನುವುದಕ್ಕಿಂತ ಅದು ಯಾವ ಊರಲ್ಲಿದೆ ಅನ್ನುವುದು ಮುಖ್ಯ. ಮಾಲ್ಟಾ ರಜೆ ಚೆನ್ನಾಗಾಯಿತೋ ಕೆಟ್ಟಿತೋ ಅನ್ನುವುದರಲ್ಲಿ ಅರ್ಧ ಭಾಗ ಇಷ್ಟರಲ್ಲೇ ತೀರ್ಮಾನವಾಗುತ್ತದೆ.

ನಮ್ಮ ಕಡೆಯಿಂದ ಮೊದಲ ಸಲ ಮೆಡಿಟರೇನಿಯನ್ ದ್ವೀಪಕ್ಕೆ ಹೊರಡುವವರಿಗೆ ಮಾಲ್ಟಾ ಒಳ್ಳೆಯ ಆಯ್ಕೆಯೇ. ಇಂಗ್ಲಿಷ್ ಅಲ್ಲಿ ಅಧಿಕೃತ ಭಾಷೆ, ವಾಹನಗಳು ನಮ್ಮಂತೆ ಎಡಕ್ಕೆ ಓಡುತ್ತವೆ, 2008ರಿಂದ ಯೂರೋ ಚಲಾವಣೆ. ಗ್ರೀಸಿನ ಕ್ರೀಟ್ ದ್ವೀಪ ಸುಮಾರು 260 ಕಿ.ಮೀ. ಉದ್ದ, ಅಲ್ಲಿ ಬಲಕ್ಕೆ ಕಾರು ಓಡಿಸುವ ಧೈರ್ಯ ಇಲ್ಲದಿದ್ದರೆ ಅರ್ಧ ದ್ವೀಪ ನೋಡದೇ ಉಳಿಯುತ್ತದೆ. ಮಾಲ್ಟಾದಲ್ಲಿ ಕಾರಿಲ್ಲದೆ ಎಲ್ಲವನ್ನೂ ನೋಡಬಹುದು, ಬಸ್ಸಿನ ಸ್ವಭಾವ ಗೊತ್ತಿದ್ದರೆ.

ಊರುಗಳ ವಿಚಾರ ಮೊದಲು. ಅಗ್ಗದ ಪ್ಯಾಕೇಜುಗಳು ಬಹುಮಟ್ಟಿಗೆ ಬುಜಿಬ್ಬಾದಲ್ಲಿ ಇಳಿಸುತ್ತವೆ. ಊರು ಕೆಟ್ಟದ್ದಲ್ಲ, ಸಂಜೆ ಸಮುದ್ರದ ಬದಿ ಅಡ್ಡಾಡಲು ಚೆಂದ, ಆದರೆ ರಾಜಧಾನಿ ವಲೆಟ್ಟಾಗೆ ದಿನಾ ಹೋಗಿ ಬರುವುದರಲ್ಲೇ ಎರಡು ಗಂಟೆ ಮುಗಿಯುತ್ತದೆ. ಸ್ಲೀಮಾದಲ್ಲಿ ಇಳಿದುಕೊಂಡರೆ ವಲೆಟ್ಟಾ ಎದುರಿಗೇ ಇದೆ. ಚಿಕ್ಕ ಫೆರ್ರಿ ಹತ್ತು ನಿಮಿಷದೊಳಗೆ ದಾಟಿಸುತ್ತದೆ, ಟ್ರಾಫಿಕ್ ಗೊಡವೆ ಇಲ್ಲ. ಸ್ಲೀಮಾದ ದೋಷ ಒಂದೇ, ಎಲ್ಲೆಲ್ಲೂ ಕಟ್ಟಡ ಕಾಮಗಾರಿ. ಬುಕ್ ಮಾಡುವ ಮೊದಲು ಪಕ್ಕದಲ್ಲಿ ಕ್ರೇನ್ ಇದೆಯೇ ಎಂದು ಹೊಸ ವಿಮರ್ಶೆಗಳಲ್ಲಿ ಹುಡುಕಿ. ವಲೆಟ್ಟಾ ಒಳಗೇ ಉಳಿಯುವುದು ಎಲ್ಲಕ್ಕಿಂತ ಸೊಗಸು, ಆದರೆ ಅದು ಮೆಟ್ಟಿಲುಗಳ ಊರು. ಹಳೆ ಮನೆಗಳಲ್ಲಿ ಲಿಫ್ಟ್ ಇರುವುದು ಕಡಿಮೆ, ಮೊಣಕಾಲು ನೋವಿನ ಹಿರಿಯರಿದ್ದರೆ ಬೇಡ. ಸೇಂಟ್ ಜೂಲಿಯನ್ಸ್‌ನ ಪಾಚವಿಲ್ ಭಾಗ ರಾತ್ರಿಯಿಡೀ ಡಿಸ್ಕೊ. ಮಕ್ಕಳು ಮರಿ ಕಟ್ಟಿಕೊಂಡು ಹೋದವರಿಗೆ ಹೇಳಿದ ಜಾಗವಲ್ಲ. ಪ್ಯಾಕೇಜಿನ ಕಾಗದದಲ್ಲಿ ‘ಇಂಥ ಹೋಟೆಲ್ ಅಥವಾ ಇದಕ್ಕೆ ಸಮಾನವಾದದ್ದು’ ಎಂದಿದ್ದರೆ, ಸಮಾನವಾದದ್ದು ಯಾವ ಊರಲ್ಲಿ ಎಂದು ಬರೆಸಿಕೊಳ್ಳಿ. ನನ್ನ ಲೆಕ್ಕದಲ್ಲಿ ಏಳು ರಾತ್ರಿ ಬೇಕು: ಐದು ಸ್ಲೀಮಾ ಅಥವಾ ವಲೆಟ್ಟಾ, ಎರಡು ಪಕ್ಕದ ಗೊಝೊ ದ್ವೀಪದಲ್ಲಿ.

ಇನ್ನು ಬಸ್ಸು. ಎರಡು ಗಂಟೆಯ ಟಿಕೆಟ್, ಅಷ್ಟರೊಳಗೆ ಬಸ್ ಬದಲಿಸಬಹುದು. ವಾರವಿಡೀ ಓಡಾಡುವವರಿಗೆ ಏಳು ದಿನದ ಕಾರ್ಡ್ ಲಾಭ. ಸ್ಟಾಪಿನಲ್ಲಿ ಸುಮ್ಮನೆ ನಿಂತರೆ ಬಸ್ ನಿಲ್ಲುವುದಿಲ್ಲ, ನಂಬರ್ ಕಂಡ ಕೂಡಲೇ ಕೈ ಎತ್ತಬೇಕು. ಕೈ ಎತ್ತಿದರೂ ಭರ್ತಿಯಾಗಿದ್ದರೆ ಚಾಲಕರು ಹಾಗೇ ದಾಟಿ ಹೋಗುತ್ತಾರೆ. ನಮ್ಮ ಕೆಂಪು ಬಸ್ಸಿನಂತೆ ‘ಸರ್ಕೊಳ್ರಿ, ಒಳಗ ಜಾಗ ಐತಿ’ ಅನ್ನುವವರಿಲ್ಲ. ಹೊಸಬರ ರಜೆ ಹಾಳಾಗುವುದು ಬಹುಪಾಲು ಇಲ್ಲೇ. ಗೊಝೊ ಫೆರ್ರಿಗೆ ಹೋಗುವ ಬಸ್‌ಗಳು ವಲೆಟ್ಟಾದಿಂದ 41 ಮತ್ತು 42, ಸ್ಲೀಮಾದಿಂದ 222. ಜುಲೈ-ಆಗಸ್ಟ್‌ನಲ್ಲಿ ಇವು ದಾರಿ ಮಧ್ಯದ ಸ್ಟಾಪುಗಳಿಗೆ ಬರುವ ಹೊತ್ತಿಗೆ ತುಂಬಿರುತ್ತವೆ. ಉಪಾಯ ಸರಳ: ಬಸ್ ಹೊರಡುವ ಜಾಗಕ್ಕೇ ಹೋಗಿ ಹತ್ತಿ, ಬೆಳಿಗ್ಗೆ ಎಂಟರೊಳಗೆ ಹೊರಡಿ. ಮೂರ್ನಾಲ್ಕು ಜನ ಇದ್ದು ಬಸ್ ತಪ್ಪಿದರೆ ಬೋಲ್ಟ್ ಆ್ಯಪ್‌ನಲ್ಲಿ ಕ್ಯಾಬ್ ಹಿಡಿಯಿರಿ, ತಲೆಗೆ ಹಂಚಿದರೆ ಅಂಥ ದುಬಾರಿ ಅನಿಸುವುದಿಲ್ಲ. ಬಾಡಿಗೆ ಕಾರು ಮುಖ್ಯ ದ್ವೀಪದಲ್ಲಿ ದಂಡ. ಬೀದಿ ಕಿರಿದು, ಪಾರ್ಕಿಂಗ್ ಸಿಗದು. ಗೊಝೊದಲ್ಲಿ ಮಾತ್ರ ಉಪಯೋಗ, ಅಲ್ಲಿ ಬಸ್ಸು ಅಪರೂಪ. ಕಾರಿಗೆ ಠೇವಣಿ ಹಿಡಿಯುವುದು ಕ್ರೆಡಿಟ್ ಕಾರ್ಡಿನಲ್ಲಿ. ಡೆಬಿಟ್ ಕಾರ್ಡ್ ಒಂದನ್ನೇ ನಂಬಿ ಹೋದರೆ ಕೌಂಟರ್‌ನಲ್ಲಿ ತಕರಾರು ಶುರು.

ಗೊಝೊಕ್ಕೆ ಚಿರ್ಕೆವ್ವಾ ಬಂದರಿನಿಂದ ದೊಡ್ಡ ಫೆರ್ರಿ, ಸುಮಾರು 25 ನಿಮಿಷ. ಹೋಗುವಾಗ ಯಾರೂ ಟಿಕೆಟ್ ಕೇಳುವುದಿಲ್ಲ, ಗಾಬರಿಯಾಗಬೇಡಿ. ಹೋಗಿ ಬರುವ ಎರಡಕ್ಕೂ ಸೇರಿಸಿ ವಾಪಸಾಗುವಾಗ ಇಮ್ಜಾರ್ ಬಂದರಿನಲ್ಲಿ ದುಡ್ಡು ತೆಗೆದುಕೊಳ್ಳುತ್ತಾರೆ. ವಲೆಟ್ಟಾದಿಂದ ನೇರ ವೇಗದ ದೋಣಿಯೂ ಇದೆ, ಮುಕ್ಕಾಲು ಗಂಟೆ. ಗಾಳಿ ಜೋರಾದರೆ ಮೊದಲು ರದ್ದಾಗುವುದು ಅದೇ, ವಾಂತಿ ಬರುವವರಿಗೂ ಅದು ಸಲ್ಲದು. ಹಳೆ ಫೋಟೊ ನೋಡಿ ಗೊಝೊದ ಕಲ್ಲಿನ ಕಮಾನು ‘ಅಝೂರ್ ವಿಂಡೋ’ ಹುಡುಕಬೇಡಿ, 2017ರ ಮಾರ್ಚ್ 8ರ ಬಿರುಗಾಳಿಯಲ್ಲಿ ಅದು ಕುಸಿದು ಸಮುದ್ರ ಸೇರಿತು. ಕೆಲವು ಬ್ರೋಷರುಗಳಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಗೊಝೊದಲ್ಲಿ ತಪ್ಪಿಸಬಾರದ್ದು ಜಿಗಾಂತಿಯಾ ದೇವಾಲಯಗಳು. ಕ್ರಿ.ಪೂ. 3600ರ ಸುಮಾರಿಗೆ ಎತ್ತಿ ನಿಲ್ಲಿಸಿದ ಕಲ್ಲುಗಳು, ಈಜಿಪ್ಟಿನ ಪಿರಮಿಡ್‌ಗಳಿಗಿಂತ ಹಳೆಯವು. ಗಂಗಾವತಿ ತಾಲೂಕಿನ ಹಿರೇಬೆಣಕಲ್ ಗುಡ್ಡ ಹತ್ತಿ ಮೋರೇರ ಮನೆಗಳನ್ನು ನೋಡಿದವರಿಗೆ ಇಲ್ಲಿ ಕಣ್ಣು ಬೇಗ ಹೊಂದಿಕೊಳ್ಳುತ್ತದೆ. ಅಲ್ಲಿರುವುದು ಸತ್ತವರಿಗೆ ನಿಲ್ಲಿಸಿದ ಕಲ್ಲು, ಇಲ್ಲಿಯದು ಪೂಜೆಯ ಜಾಗ. ಮುಖ್ಯ ದ್ವೀಪದಲ್ಲಿ ನೆಲದೊಳಗೆ ಕೊರೆದ ಪ್ರಾಚೀನ ಸಮಾಧಿ ಹಾಲ್ ಸಫ್ಲಿಯೆನಿ ಹೈಪೊಜಿಯಮ್‌ಗೆ ಒಂದು ಸರದಿಗೆ ಹತ್ತೇ ಜನರನ್ನು ಬಿಡುತ್ತಾರೆ, ಉಸಿರಿನ ತೇವ ಮತ್ತು ಇಂಗಾಲದ ಡೈಆಕ್ಸೈಡ್‌ನಿಂದ ಗೋಡೆಯ ಬಣ್ಣ ಹಾಳಾಗುತ್ತದೆ ಎಂದು. ಟಿಕೆಟ್ ತಿಂಗಳುಗಟ್ಟಲೆ ಮೊದಲೇ ಖಾಲಿ. ವೀಸಾ ಕೈಗೆ ಬಂದ ದಿನವೇ ಆನ್‌ಲೈನ್‌ನಲ್ಲಿ ಕಾದಿರಿಸಿ. ವಲೆಟ್ಟಾದ ಸೇಂಟ್ ಜಾನ್ ಕೋ-ಕೆಥೆಡ್ರಲ್ ಚರ್ಚಿನಲ್ಲಿ ಇಟಲಿಯ ಚಿತ್ರಕಾರ ಕಾರವಾಜ್ಜೊ 1608ರಲ್ಲಿ ಬರೆದ ದೊಡ್ಡ ಚಿತ್ರವಿದೆ; ಭಾನುವಾರ ಪ್ರವಾಸಿಗರಿಗೆ ಪ್ರವೇಶವಿಲ್ಲ, ಭುಜ ಮುಚ್ಚಿರಬೇಕು, ಚೂಪು ಹಿಮ್ಮಡಿಯ ಚಪ್ಪಲಿ ಹಾಕಿದರೆ ಬಿಡುವುದಿಲ್ಲ, ನೆಲದ ಅಮೃತಶಿಲೆ ಅಷ್ಟು ನಾಜೂಕು.

ಮಾಲ್ಟಾ, ಗೊಝೊ ನಡುವಿನ ಪುಟ್ಟ ದ್ವೀಪ ಕೊಮಿನೊದ ನೀಲಿ ಕೊಲ್ಲಿ ಬ್ಲೂ ಲಗೂನ್ ಬಗ್ಗೆ ಎಲ್ಲರೂ ಕೇಳುತ್ತಾರೆ. ನೀರಿನ ಬಣ್ಣ ಫೋಟೊದಲ್ಲಿ ಇದ್ದಂತೆಯೇ ಇದೆ, ಜನಜಂಗುಳಿ ಮಾತ್ರ ಫೋಟೊದಲ್ಲಿ ಕಾಣುವುದಿಲ್ಲ. ಮರದ ನೆರಳು ಇಲ್ಲ. 2025ರಿಂದ ಅಲ್ಲಿಗೆ ಹೋಗಲು ಆನ್‌ಲೈನ್‌ನಲ್ಲಿ ಉಚಿತ ಸಮಯ ಕಾದಿರಿಸಬೇಕು. ಸ್ಲೀಮಾದಿಂದ ಹೊರಡುವ ದಿನವಿಡೀ ಕ್ರೂಸ್‌ಗಿಂತ ಚಿರ್ಕೆವ್ವಾದಿಂದ ಬೆಳಗಿನ ಮೊದಲ ದೋಣಿ ಹಿಡಿದು ಹನ್ನೊಂದಕ್ಕೆ ವಾಪಸ್ ಬರುವುದು ಮೇಲು.

ಸಮುದ್ರಕ್ಕೆ ಇಳಿಯುವ ಮಾತು ಸ್ವಲ್ಪ ವಿವರವಾಗಿ ಹೇಳಬೇಕು. ಬಾವಿ, ಕಾಲುವೆಯಲ್ಲಿ ಈಜು ಕಲಿತವರಿಗೆ ತೇಲುವುದು ಇಲ್ಲಿ ಸುಲಭ, ಉಪ್ಪು ನೀರು ತಾನೇ ಎತ್ತುತ್ತದೆ. ಅಪಾಯ ಬೇರೆ ಕಡೆ ಇದೆ. ಮಾಲ್ಟಾದ ದಂಡೆ ಬಹುಪಾಲು ಮರಳಲ್ಲ, ಬಂಡೆ. ಸ್ಲೀಮಾದಲ್ಲಿ ಬಂಡೆಗೆ ಜೋಡಿಸಿದ ಕಬ್ಬಿಣದ ಏಣಿಯಿಂದ ನೀರಿಗೆ ಇಳಿಯಬೇಕು, ಏಣಿ ಬಿಟ್ಟ ಕೂಡಲೇ ಆಳ. ಅಲೆ ಇರುವ ದಿನ ಇಳಿಯುವುದು ಸುಲಭ, ಹತ್ತುವುದು ಕಷ್ಟ. ಬಂಡೆಗೆ ತಾಗಿ ಮೈ ಕೈ ತರಚುವುದು ಹತ್ತುವಾಗಲೇ. ಬಂಡೆಯ ಮೇಲಿನ ಹಸಿರು ಪಾಚಿ ವಿಪರೀತ ಜಾರುತ್ತದೆ, ಸಂದಿಯಲ್ಲಿ ಮುಳ್ಳಿನ ಸಮುದ್ರ ಜೀವಿಗಳೂ ಇರುತ್ತವೆ, ಆದ್ದರಿಂದ ರಬ್ಬರ್ ತಳದ ನೀರಿನ ಬೂಟು ಬೇಕೇ ಬೇಕು. ಈಜು ಬಾರದವರು, ಮಕ್ಕಳು ಇದ್ದರೆ ನೇರ ಮೆಲ್ಲೀಹಾದ ಮರಳು ದಂಡೆಗೆ ಹೋಗಿ, ಬಹಳ ದೂರದವರೆಗೆ ಸೊಂಟದ ಮಟ್ಟದ ನೀರೇ. ಬಾವುಟ ನೋಡಿಕೊಳ್ಳಿ: ಕೆಂಪು ಎಂದರೆ ಅಪಾಯ, ಎರಡು ಕೆಂಪು ಎಂದರೆ ಇಳಿಯುವುದೇ ನಿಷಿದ್ಧ, ನೇರಳೆ ಎಂದರೆ ಮೈ ಸುಡುವ ಜೆಲ್ಲಿಮೀನು. ಚೂಡಿದಾರ, ಜೀನ್ಸ್ ಸಮೇತ ಇಳಿಯಬೇಡಿ. ಬಳ್ಳಾರಿ ಜೀನ್ಸ್ ಎಷ್ಟೇ ಗಟ್ಟಿಯಾದರೂ ನೆನೆದ ಮೇಲೆ ಕಾಲು ಎಳೆಯುತ್ತದೆ. ಮೈತುಂಬ ಮುಚ್ಚುವ ನೈಲಾನ್ ಈಜುಡುಪು ಸಿಗುತ್ತದೆ, ಅದು ಹಾಕಿದರೆ ಯಾರೂ ತಿರುಗಿ ನೋಡುವುದಿಲ್ಲ.

ತಿಂಗಳು ಆರಿಸುವಾಗ ನಮ್ಮ ಶಾಲಾ ರಜೆಯನ್ನೇ ನೆಚ್ಚಿದರೆ ಏಪ್ರಿಲ್-ಮೇ ಬರುತ್ತದೆ. ತಿರುಗಾಡಲು ಆ ಹವೆ ಹಬ್ಬವೇ, ಆದರೆ ಏಪ್ರಿಲ್‌ನಲ್ಲಿ ಸಮುದ್ರದ ನೀರು 16 ಡಿಗ್ರಿ ಆಸುಪಾಸು, ಕಾಲಿಟ್ಟರೆ ಜುಮ್ಮೆನ್ನುತ್ತದೆ. ಆಗಸ್ಟ್‌ನಲ್ಲಿ ನೀರು 26 ಮುಟ್ಟುತ್ತದೆ, ಹಗಲು 32ರ ಹತ್ತಿರ. ರಾಯಚೂರಿನ 42 ಕಂಡವರಿಗೆ ಇದು ಬಿಸಿಲೇ ಅಲ್ಲ ಎನ್ನಿಸಬಹುದು, ಆದರೆ ತೇವದ ಸೆಕೆ ಬೇರೆಯೇ ಜಾತಿ, ಬೆವರು ಆರುವುದಿಲ್ಲ. ದಸರಾ ರಜೆಗೆ ಹೊಂದಿಸಿ: ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ಭಾಗ. ನೀರು ಇನ್ನೂ ಬೆಚ್ಚಗೆ, ಜನ ಕಡಿಮೆ, ಬಸ್ಸಿನಲ್ಲಿ ಸೀಟು.

ವೀಸಾ ಷೆಂಗೆನ್, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ. ದೊಡ್ಡವರಿಗೆ 2024ರ ಜೂನ್‌ನಿಂದ 90 ಯೂರೋ, 6 ತುಂಬಿ 12 ತುಂಬದ ಮಕ್ಕಳಿಗೆ 45, ಅದಕ್ಕೂ ಚಿಕ್ಕವರಿಗೆ ಉಚಿತ; ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ಪ್ರಯಾಣಕ್ಕೆ ಆರು ತಿಂಗಳು ಇರುವಾಗಿನಿಂದ ಅರ್ಜಿ ಹಾಕಬಹುದು, 15 ದಿನಕ್ಕಿಂತ ತಡ ಮಾಡುವಂತಿಲ್ಲ. ಬೆರಳಚ್ಚಿಗೆ ಖುದ್ದು ಹೋಗಬೇಕು, ಏಜೆಂಟರು ಮಾಡಿಕೊಡುವ ಕೆಲಸವಲ್ಲ. ಪ್ರಯಾಣ ವಿಮೆ ಕನಿಷ್ಠ 30,000 ಯೂರೋ ವೈದ್ಯಕೀಯ ಖರ್ಚು ತುಂಬಬೇಕು. ಇಟಲಿಯನ್ನೂ ಸೇರಿಸಿದರೆ ಹೆಚ್ಚು ರಾತ್ರಿ ಎಲ್ಲಿ ಕಳೆಯುತ್ತೀರೋ ಆ ದೇಶಕ್ಕೇ ಅರ್ಜಿ. ಗಂಗಾವತಿ, ಸಿಂಧನೂರು ಕಡೆಯ ಭತ್ತದ ಬೆಳೆಗಾರರು ಆದಾಯ ತೋರಿಸುವಲ್ಲಿ ಎಡವುತ್ತಾರೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲದ್ದರಿಂದ ಆದಾಯ ತೆರಿಗೆ ರಿಟರ್ನ್ ಬಡಕಲಾಗಿ ಕಾಣುತ್ತದೆ. ಪಹಣಿ, ಎಪಿಎಂಸಿ ಮಾರಾಟದ ಪಟ್ಟಿಗಳನ್ನು ಇಂಗ್ಲಿಷ್ ಅನುವಾದದೊಂದಿಗೆ ಲಗತ್ತಿಸಿ. ಅರ್ಜಿಗೆ ಮುಂಚಿನ ವಾರ ಖಾತೆಗೆ ಲಕ್ಷಗಟ್ಟಲೆ ತುಂಬಿಸುವುದು ಅನುಮಾನಕ್ಕೆ ದಾರಿ. ಪ್ಯಾಕೇಜ್ ಕೊಂಡರೆ ಟಿಸಿಎಸ್ (ಮಾರುವವರೇ ಮೊದಲು ವಸೂಲಿ ಮಾಡುವ ತೆರಿಗೆ) ಎಂದು ಹಿಡಿಯುವ ಹಣ ನಿಮ್ಮ ಪ್ಯಾನ್‌ಗೆ ಜಮೆಯಾಗುತ್ತದೆ, ರಿಟರ್ನ್ ಹಾಕುವಾಗ ಲೆಕ್ಕಕ್ಕೆ ತೆಗೆದುಕೊಳ್ಳಿ. ಜಿಎಸ್‌ಟಿ ಮಾತ್ರ ಹೋದದ್ದೇ.

ಭಾರತದಿಂದ ನೇರ ವಿಮಾನವಿಲ್ಲ. ರೋಮ್ ಅಥವಾ ಫ್ರಾಂಕ್‌ಫರ್ಟ್ ಮೂಲಕ ಹೋದರೆ ಷೆಂಗೆನ್ ಗಡಿ ತಪಾಸಣೆ ಅಲ್ಲೇ ಮುಗಿಯುತ್ತದೆ. 2025ರ ಅಕ್ಟೋಬರ್‌ನಿಂದ ಗಡಿಯಲ್ಲಿ ಬೆರಳಚ್ಚು, ಫೋಟೊ ತೆಗೆಯುವ ಹೊಸ ವ್ಯವಸ್ಥೆ ಬಂದಿರುವುದರಿಂದ ಸಾಲು ನಿಧಾನ. ಎರಡು ವಿಮಾನಗಳ ನಡುವೆ ಮೂರು ಗಂಟೆಗಿಂತ ಕಡಿಮೆ ಇಟ್ಟುಕೊಳ್ಳಬೇಡಿ. ಇಸ್ತಾಂಬುಲ್ ಮೂಲಕ ಹೋದರೆ ಈ ತಪಾಸಣೆ ಮಾಲ್ಟಾದಲ್ಲೇ.

ಫ್ಲ್ಯಾಟ್ ಬಾಡಿಗೆಗೆ ಹಿಡಿದರೆ ಎ.ಸಿ. ಕರೆಂಟಿಗೆ ಬೇರೆ ದುಡ್ಡೇ ಎಂದು ಕೇಳಿ, ಕೆಲವು ಕಡೆ ಹಾಗಿದೆ. ಪ್ಲಗ್ ದುಬೈನದೇ ಚೌಕ ಮೂರು ಪಿನ್. ಗಲ್ಫ್‌ನಿಂದ ಬಂದವರ ಮನೆಯಲ್ಲಿ ಅಡಾಪ್ಟರ್ ಇದ್ದೇ ಇರುತ್ತದೆ. ಶೌಚಾಲಯದಲ್ಲಿ ನೀರಿನ ಪೈಪ್ ಸಾಮಾನ್ಯವಾಗಿ ಇರುವುದಿಲ್ಲ, ಒಂದು ಮಗ್ ಚೀಲಕ್ಕೆ ಹಾಕಿಕೊಳ್ಳಿ. ನಲ್ಲಿ ನೀರಿನ ಹೆಚ್ಚಿನ ಪಾಲು ಸಮುದ್ರದ ನೀರಿನ ಉಪ್ಪು ತೆಗೆದದ್ದು, ಕುಡಿಯಬಹುದು, ರುಚಿ ಮಾತ್ರ ಹಿಡಿಸುವುದಿಲ್ಲ. ಬಾಟಲಿ ಕೊಂಡರೆ 10 ಸೆಂಟ್ ಠೇವಣಿ ಸೇರಿರುತ್ತದೆ. ಖಾಲಿ ಬಾಟಲಿ ಯಂತ್ರಕ್ಕೆ ಹಾಕಿದರೆ ವಾಪಸ್, ಆದರೆ ನಮ್ಮ ಅಭ್ಯಾಸದಂತೆ ಹಿಚುಕಿದರೆ ಯಂತ್ರ ಓದುವುದಿಲ್ಲ.

ಊಟದಲ್ಲಿ ಸಸ್ಯಾಹಾರಿಗಳು ಉಪವಾಸ ಬೀಳುವುದಿಲ್ಲ, ಎಚ್ಚರ ಮಾತ್ರ ಬೇಕು. ಬೀದಿಯ ಪಸ್ತಿತ್ಸಿ ಅಗ್ಗ, ಬಿಸಿ, ಪದರು ಪದರು. ಒಳಗೆ ರಿಕೋಟಾ ಗಿಣ್ಣು ಅಥವಾ ಬಟಾಣಿ. ಹಿಟ್ಟಿಗೆ ಹಂದಿ ಕೊಬ್ಬು ಹಾಕುವ ಹಳೆ ಪದ್ಧತಿಯೂ ಇದೆ, ಕೇಳಿ ತಿನ್ನಿ. ಪಾಲಕ್ ತುಂಬಿದ್ದು ಅಂದರೆ ಶುದ್ಧ ತರಕಾರಿ ಎಂದುಕೊಳ್ಳಬೇಡಿ, ಅದರಲ್ಲಿ ಸಣ್ಣ ಮೀನು ಬೆರೆಸುವುದುಂಟು. ಫ್ತೀರಾ ಬ್ರೆಡ್ಡಿನೊಳಗೂ ಟ್ಯೂನಾ ಮೀನು ಮಾಮೂಲು, ‘ಮೀನು ಬೇಡ’ ಎಂದು ಮೊದಲೇ ಹೇಳಬೇಕು. ಒಣ ಅವರೆ ಜಾತಿಯ ಕಾಳು ಬೇಯಿಸಿ ಬೆಳ್ಳುಳ್ಳಿ ಹಾಕಿ ಅರೆದ ಬಿಜಿಲ್ಲಾ ನಂಬಬಹುದಾದದ್ದು, ನಿಮ್ಮ ಖಡಕ್ ರೊಟ್ಟಿಗೂ ಒಗ್ಗುತ್ತದೆ. ಖರ್ಜೂರ ತುಂಬಿ ಎಣ್ಣೆಯಲ್ಲಿ ಕರಿದ ಇಮ್‌ಆರೆತ್ ನಮ್ಮ ಕರ್ಜಿಕಾಯಿಯ ದಾಯಾದಿ. ಮೊಲದ ಸಾರು ಅಲ್ಲಿನವರ ಹೆಮ್ಮೆ; ಮಾಂಸ ತಿನ್ನುವವರು ಬಿಡಬೇಡಿ.

ಊರಿನಿಂದ ರೊಟ್ಟಿ, ಶೇಂಗಾ ಹಿಂಡಿ, ಒಗ್ಗರಣಿ ಹಾಕಿದ ಮಂಡಾಳು ಒಯ್ಯಬಹುದು. ತುಪ್ಪ, ಪೇಡಾ, ಖೋವಾ ಸಿಹಿ, ಮಾಂಸದ ಉಪ್ಪಿನಕಾಯಿ ಒಯ್ಯುವಂತಿಲ್ಲ. ಹೊರದೇಶದ ಹಾಲು, ಮಾಂಸದ ಪದಾರ್ಥಗಳಿಗೆ ಯುರೋಪಿಯನ್ ಒಕ್ಕೂಟದಲ್ಲಿ ತಡೆಯಿದೆ. ಹಸಿ ಕರಿಬೇವು, ಮೆಣಸಿನಕಾಯಿ ಕೂಡ ಪ್ರಮಾಣಪತ್ರವಿಲ್ಲದೆ ಒಳಗೆ ಬಿಡುವುದಿಲ್ಲ. ಬರುವಾಗ ತರಲು ಗೊಝೊದ ಉಪ್ಪಿನ ಮಡಿಗಳ ಸಮುದ್ರ ಉಪ್ಪು ಅಗ್ಗ, ಹಗುರ. ಜೇನಿನ ಬಾಟಲಿ ಕೊಂಡರೆ ಅದು ಚೆಕ್-ಇನ್ ಬ್ಯಾಗಿಗೇ ಹೋಗಲಿ, 100 ಮಿಲಿ ಮೀರಿದ್ದನ್ನು ಭದ್ರತಾ ತಪಾಸಣೆಯಲ್ಲಿ ಕಿತ್ತಿಟ್ಟುಕೊಳ್ಳಬಹುದು.