ಮೂರು ವರ್ಷ ಬಳಸಿದ ಅಚ್ಚು: ಗಾಳಕ್ಕೆ ದೊಡ್ಡ ಸೀಸದ ಭಾರ ಮನೆಯಲ್ಲೇ ಹೊಯ್ದ ಅನುಭವ

ನನ್ನ ಹತ್ತಿರ ಇರುವುದು ಎರಡು ಹೋಳಿನ ಅಲ್ಯೂಮಿನಿಯಂ ಅಚ್ಚು. ಪುಸ್ತಕದ ಹಾಗೆ ತೆರೆದು ಮುಚ್ಚುತ್ತದೆ. ಒಳಗೆ ಮೂರು ಗುಂಡಿ: ನಾಲ್ಕು, ಐದು, ಆರು ಔನ್ಸ್. ಅಂದರೆ 113, 142, 170 ಗ್ರಾಂ. ದುಬೈಯಲ್ಲಿರುವ ಭಾವ 2022ರ ಡಿಸೆಂಬರ್‌ನಲ್ಲಿ ಊರಿಗೆ ಬಂದಾಗ ತಂದುಕೊಟ್ಟರು. ನಮ್ಮ ದುಡ್ಡಿನಲ್ಲಿ 4,200 ರೂಪಾಯಿ ಆಗಿತ್ತು. ಅಲ್ಲಿಂದ ಈಚೆಗೆ ಇನ್ನೂರಕ್ಕಿಂತ ಜಾಸ್ತಿ ಭಾರ ಇದರಲ್ಲಿ ಹೊಯ್ದಿದ್ದೇನೆ.

ಇಷ್ಟು ದೊಡ್ಡ ಭಾರ ಯಾಕೆ ಬೇಕು ಅಂತ ಹೊಳೆಯಲ್ಲಿ ಗಾಳ ಹಾಕುವವರು ಕೇಳುತ್ತಾರೆ. ಮಳೆಗಾಲ ಮುಗಿದ ಮೇಲೆ ಮಲ್ಪೆ ಪಡುಕೆರೆಯ ಮರಳಿನಲ್ಲಿ ನಿಂತು ನೋಡಿ. ಅಂಗಡಿಯಲ್ಲಿ ಸಿಗುವ 60 ಗ್ರಾಂ ಸೀಸ ಎಸೆದರೆ ಐದು ನಿಮಿಷದಲ್ಲಿ ಅಲೆ ಅದನ್ನು ಉರುಳಿಸಿ ದಡಕ್ಕೆ ತಂದು ಹಾಕುತ್ತದೆ. ಜೊತೆಗೆ ದಾರವೆಲ್ಲ ಒಂದು ಗಂಟು. ಬೂತಾಯಿ ಮೀನಿನ ತುಂಡು ಕಟ್ಟಿ ಕೊಡ್ಡಾಯಿ, ತೊರಕೆಯಂಥ ದೊಡ್ಡ ಮೀನಿಗೆ ಕಾಯಬೇಕಾದರೆ ಭಾರ ಎಸೆದ ಜಾಗದಲ್ಲೇ ಕೂರಬೇಕು. ನನ್ನ ಅಚ್ಚಿನಲ್ಲಿ ಭಾರದ ಬಾಲಕ್ಕೆ ನಾಲ್ಕು ಸ್ಟೀಲ್ ತಂತಿ ಕೂರಿಸುವ ಸೀಳು ಇದೆ. ಆ ತಂತಿಗಳು ಲಂಗರಿನ ಹಾಗೆ ಮರಳಿಗೆ ಕಚ್ಚಿಕೊಳ್ಳುತ್ತವೆ. ಈ ಬಗೆಯ ಭಾರ ನಮ್ಮ ಕಡೆಯ ಅಂಗಡಿಗಳಲ್ಲಿ ನನಗೆ ಸಿಗಲಿಲ್ಲ. ತರಿಸಿಕೊಂಡರೆ ತೂಕದ್ದೇ ಸಾಗಣೆ ಖರ್ಚು. ಅಚ್ಚು ಕೊಂಡದ್ದು ಅದಕ್ಕೇ.

ಮೊದಲ ಭಾನುವಾರ ಒಂದು ಭಾರವೂ ಸರಿಯಾಗಿ ಬರಲಿಲ್ಲ. ಅರ್ಧಂಬರ್ಧ ತುಂಬಿದವು, ಒಣದ್ರಾಕ್ಷಿಯಂತೆ ಸುಕ್ಕು ಬಿದ್ದವು. ಅಚ್ಚೇ ಕೆಟ್ಟದ್ದು ಅಂದುಕೊಂಡೆ. ಪಕ್ಕದ ಮನೆಯ ಅಜ್ಜ ಬೀಸುಬಲೆಗೆ ಸೀಸ ಹೊಯ್ದು ಪಳಗಿದವರು. ಬಂದು ಅಚ್ಚು ಮುಟ್ಟಿ ನೋಡಿದರು. "ಅಚ್ಚಿಗೆ ಚಳಿ ಹಿಡಿದಿದೆ ಮಾರಾಯ, ಮೊದಲು ಅದನ್ನು ಬಿಸಿ ಮಾಡು" ಅಂದರು. ಸೀಸ ಕರಗುವುದು 327 ಡಿಗ್ರಿಯಲ್ಲಿ. ತಣ್ಣಗಿನ ಅಲ್ಯೂಮಿನಿಯಂಗೆ ತಾಗಿದ ಕೂಡಲೇ ಅದು ಹೆಪ್ಪುಗಟ್ಟುತ್ತದೆ, ಮೂಲೆವರೆಗೆ ಹರಿಯುವುದೇ ಇಲ್ಲ. ಈಗ ಅಚ್ಚನ್ನು ಒಲೆಯ ಪಕ್ಕದಲ್ಲಿ ಇಟ್ಟು ಚೆನ್ನಾಗಿ ಕಾಯಿಸುತ್ತೇನೆ. ಅಷ್ಟಾದರೂ ಮೊದಲ ನಾಲ್ಕೈದು ಭಾರ ಮತ್ತೆ ಬಾಣಲೆಗೇ ಹೋಗುತ್ತವೆ. ಅದನ್ನು ನಷ್ಟ ಅಂತ ಎಣಿಸಬೇಡಿ. ಅಚ್ಚು ಹದಕ್ಕೆ ಬರುವುದೇ ಹಾಗೆ.

ಅಜ್ಜ ಹೇಳಿಕೊಟ್ಟ ಇನ್ನೊಂದು ಉಪಾಯ ಮಸಿ. ಚಿಮಣಿ ಬುಡ್ಡಿಯ ಹೊಗೆಗೆ ಅಚ್ಚಿನ ಗುಂಡಿಗಳನ್ನು ಹಿಡಿದರೆ ತೆಳುವಾಗಿ ಕಪ್ಪು ಕೂರುತ್ತದೆ. ಸೀಸ ಸಲೀಸಾಗಿ ಹರಿಯುತ್ತದೆ, ಭಾರ ಅಂಟದೆ ಬಿಟ್ಟುಕೊಳ್ಳುತ್ತದೆ. ಅಂಗಡಿಯ ಸ್ಪ್ರೇ ಕೂಡ ತಂದು ನೋಡಿದೆ. ನನಗೆ ಬುಡ್ಡಿಯೇ ಮೇಲು ಅನಿಸಿತು.

ದೊಡ್ಡ ಭಾರಕ್ಕೆ ಅದರದ್ದೇ ಹಠ ಇದೆ. 170 ಗ್ರಾಂ ಸೀಸವನ್ನು ಒಂದೇ ಓಟದಲ್ಲಿ ಹೊಯ್ಯಬೇಕು. ನಡುವೆ ನಿಲ್ಲಿಸಿದರೆ ಅಲ್ಲಿ ಪದರ ಬೀಳುತ್ತದೆ, ಕಲ್ಲಿಗೆ ಬಡಿದಾಗ ಅಲ್ಲೇ ತುಂಡಾಗುತ್ತದೆ. ಸೀಸ ತಣಿಯುವಾಗ ಕುಗ್ಗುವುದರಿಂದ ಅಚ್ಚಿನ ಬಾಯಿಯ ಹತ್ತಿರ ಗುಳಿ ಬೀಳುತ್ತದೆ. ಹಾಗಾಗಿ ಬಾಯಿಯಲ್ಲಿ ಸ್ವಲ್ಪ ಹೆಚ್ಚಿಗೆ ನಿಲ್ಲಿಸಿಯೇ ಹೊಯ್ಯಿರಿ. ಹೊಳಪು ಹೋಗಿ ಮಂಕಾದ ಮೇಲೂ ಅರ್ಧ ನಿಮಿಷ ಕಾಯಿರಿ. ಮೇಲೆ ಗಟ್ಟಿಯಾಗಿ ಒಳಗೆ ಇನ್ನೂ ನೀರಾಗಿರುತ್ತದೆ. ಹದಿನೈದು, ಇಪ್ಪತ್ತು ಭಾರ ಆಗುವಷ್ಟರಲ್ಲಿ ಅಚ್ಚು ವಿಪರೀತ ಕಾಯುತ್ತದೆ. ಆಗ ತೆರೆದರೆ ಭಾರಕ್ಕೆ ದಾರ ಕಟ್ಟುವ ಕೊಂಡಿಯೇ ಕಿತ್ತು ಕೈಗೆ ಬರುತ್ತದೆ. ಒಂದು ಚಹಾ ಕುಡಿಯುವಷ್ಟು ಹೊತ್ತು ಅಚ್ಚನ್ನು ಬಿಡಿ. ಕೈ, ಮುಖ ಸೋಪಿನಿಂದ ತೊಳೆದೇ ಚಹಾ ಮುಟ್ಟಿ.

ಇನ್ನು ಮುಖ್ಯ ಮಾತು, ನೀರು. 2023ರ ಜೂನ್‌ನಲ್ಲಿ ನನ್ನ ಕಣ್ಣು ಉಳಿದದ್ದು ಮುಖದ ಮೇಲಿದ್ದ ಪ್ಲಾಸ್ಟಿಕ್ ಗುರಾಣಿಯಿಂದ. ಮಳೆ ಹಿಡಿದಿತ್ತು, ಮೀನುಗಾರಿಕೆ ನಿಷೇಧದ ಸಮಯ, ಬಿಡುವು ಇತ್ತು. ಶೆಡ್ಡಿನಲ್ಲಿದ್ದ ಅಚ್ಚನ್ನು ತಂದು ಸುಮ್ನೆ ಬಟ್ಟೆಯಲ್ಲಿ ಒರೆಸಿ ಹೊಯ್ದೆ. ತಂತಿ ಕೂರುವ ಸೀಳಿನಲ್ಲಿ ಕಣ್ಣಿಗೆ ಕಾಣದಷ್ಟು ಪಸೆ ಉಳಿದಿತ್ತು. ನೀರು ಆವಿಯಾದರೆ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಕರಗಿದ ಸೀಸದ ಕೆಳಗೆ ಅದು ಸಿಕ್ಕಿಕೊಂಡರೆ ಸಿಡಿಯದೆ ಇನ್ನೇನಾಗುತ್ತದೆ? ಪಟ್ ಅಂತ ಸದ್ದಾಯಿತು. ಬಾಯಿಯಿಂದ ಎದ್ದ ಸೀಸ ಗುರಾಣಿಗೆ ಅಂಟಿತು, ಒಂದು ಹನಿ ಬಲ ಮುಂಗೈಗೆ ಬಿತ್ತು. ಕಲೆ ಇನ್ನೂ ಇದೆ. ಅವತ್ತಿನಿಂದ ಮಳೆಗಾಲದಲ್ಲಿ ಒಲೆ ಹಚ್ಚುವುದಿಲ್ಲ. ವರ್ಷಕ್ಕೆ ಬೇಕಾದದ್ದನ್ನೆಲ್ಲ ಜನವರಿ, ಫೆಬ್ರವರಿಯ ಒಣ ದಿನಗಳಲ್ಲಿ ಹೊಯ್ದು ಇಡುತ್ತೇನೆ. ಸೀಸ ಕರಗಿದ ಬಾಣಲೆಗೆ ಹೊಸ ತುಂಡು ಹಾಕುವ ಮೊದಲು ಅದನ್ನೂ ಒಲೆಯ ಪಕ್ಕದಲ್ಲಿ ಕಾಯಿಸುತ್ತೇನೆ. ಚರ್ಮದ ಕೈಗವಸು, ಉದ್ದ ತೋಳಿನ ಹತ್ತಿ ಅಂಗಿ, ಬೂಟು ಇಲ್ಲದೆ ಶುರು ಮಾಡುವುದಿಲ್ಲ. ಚಪ್ಪಲಿ ಹಾಕಿಕೊಂಡು ಸೀಸ ಹೊಯ್ಯುವವರನ್ನು ನೋಡಿದರೆ ನನಗೆ ಭಯವಾಗುತ್ತದೆ.

ಸೀಸ ಗುಜರಿ ಅಂಗಡಿಯಿಂದ ಬರುತ್ತದೆ. ಕಿಲೋಗೆ 180 ಕೊಟ್ಟಿದ್ದೇನೆ. ಹರಿದ ಬಲೆಯಿಂದ ಬಿಚ್ಚಿದ ಸೀಸ ಸಿಕ್ಕಿದರೆ ಅದೇ ಒಳ್ಳೆಯದು. ಮೆತ್ತಗಿರುತ್ತದೆ, ಉಗುರಿನಿಂದ ಗೀರಿದರೆ ಗೆರೆ ಬೀಳುತ್ತದೆ, ಚೆನ್ನಾಗಿ ಹರಿಯುತ್ತದೆ. ಟಯರ್ ಅಂಗಡಿಯ ವೀಲ್ ಬ್ಯಾಲೆನ್ಸಿಂಗ್ ತುಂಡುಗಳನ್ನು ನೋಡಿಕೊಂಡು ತನ್ನಿ. ಅದರಲ್ಲಿ ಈಗ ಸತು ಮತ್ತು ಕಬ್ಬಿಣದ್ದೂ ಬೆರೆತಿರುತ್ತವೆ. ಸತು ಕರಗುವುದು 420 ಡಿಗ್ರಿಯ ಹತ್ತಿರ. ಅದಕ್ಕೇ ಥರ್ಮಾಮೀಟರ್ ಇಟ್ಟು 380 ದಾಟದಂತೆ ನೋಡಿಕೊಳ್ಳುತ್ತೇನೆ. ಆಗ ಸತುವೂ ಕಬ್ಬಿಣವೂ ಮೇಲೆ ತೇಲುತ್ತವೆ, ಸೌಟಿನಲ್ಲಿ ತೆಗೆದುಬಿಡಬಹುದು. ಹಳೆ ಬ್ಯಾಟರಿ ಮಾತ್ರ ಒಡೆಯಲೇಬೇಡಿ. ಆಸಿಡ್ ಇದೆ, ಒಳಗಿನ ಸೀಸದ ಪುಡಿ ವಿಷ. ಅದನ್ನು ಅಂಗಡಿಗೆ ವಾಪಸ್ ಕೊಡಿ.

ವಿಷದ ಮಾತು ಬಂತಲ್ಲ, ಅದನ್ನೂ ಹೇಳುತ್ತೇನೆ. ಸೀಸಕ್ಕೆ ಸುರಕ್ಷಿತ ಪ್ರಮಾಣ ಅಂತ ಒಂದು ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಕ್ಕಳ ಮಿದುಳಿಗೆ ಅದು ಮಾಡುವ ಹಾನಿ ಸರಿಹೋಗುವಂಥದ್ದಲ್ಲ. ನನ್ನ ಮಗಳಿಗೆ ಆರು ವರ್ಷ. ಮೊದಲ ವರ್ಷ ಹಿತ್ತಲಿನಲ್ಲೇ ಹೊಯ್ಯುತ್ತಿದ್ದೆ. ಹೊಗೆ ತಾಗದಂತೆ ಗಾಳಿಗೆ ಬೆನ್ನು ಹಾಕಿ ನಿಂತರೆ ಸಾಕು ಅಂದುಕೊಂಡಿದ್ದೆ. ಆದರೆ ಈ ಶಾಖದಲ್ಲಿ ಆವಿಗಿಂತ ಹೆಚ್ಚು ಅಪಾಯ ಪುಡಿಯದ್ದು. ಬಾಣಲೆಯ ಮೇಲೆ ಕಟ್ಟುವ ಬೂದು ಕಿಟ್ಟ ಕೈಗೆ, ಅಂಗಿಗೆ, ಮಣ್ಣಿಗೆ ಅಂಟಿ ಮನೆಯೊಳಗೆ ಬರುತ್ತದೆ. ಮಗು ಆಡುವುದು ಅದೇ ಮಣ್ಣಿನಲ್ಲಿ ಅಲ್ವಾ? ಈಗ ತೋಟದ ಕೊನೆಯಲ್ಲಿ ಸಿಮೆಂಟ್ ಕಟ್ಟೆ ಮಾಡಿಸಿದ್ದೇನೆ. ಕಿಟ್ಟ ಮುಚ್ಚಳದ ಡಬ್ಬಿಗೆ ಹೋಗುತ್ತದೆ. ಅಂಗಿಯನ್ನು ಬೇರೆಯಾಗಿ ಒಗೆಯುತ್ತೇವೆ. ಸೀಸದ ಬಾಣಲೆ, ಸೌಟು ಅಡುಗೆಮನೆಯ ಒಳಗೆ ಬರುವುದಿಲ್ಲ. ವರ್ಷಕ್ಕೊಮ್ಮೆ ರಕ್ತದಲ್ಲಿ ಸೀಸ ಎಷ್ಟಿದೆ ಅಂತ ನಾನೂ ಮಗಳೂ ಪರೀಕ್ಷೆ ಮಾಡಿಸುತ್ತೇವೆ. ಒಂದು ಡೆಸಿಲೀಟರ್‌ಗೆ 5 ಮೈಕ್ರೋಗ್ರಾಂ ಮುಟ್ಟಿದರೆ ಸೀಸ ಎಲ್ಲಿಂದ ಬಂತು ಅಂತ ಹುಡುಕಿ ನಿಲ್ಲಿಸಬೇಕು. ನಮ್ಮಿಬ್ಬರದ್ದೂ ಅದರ ಕೆಳಗಿದೆ. ಬೀಸುಬಲೆಯ ಸೀಸವನ್ನು ಹಲ್ಲಿನಿಂದ ಕಚ್ಚಿ ಬಿಗಿ ಮಾಡುವ ಅಭ್ಯಾಸ ನಿಮ್ಮ ಮನೆಯಲ್ಲಿ ಯಾರಿಗಾದರೂ ಇದ್ದರೆ ದಯವಿಟ್ಟು ಬಿಡಿಸಿ.

ಅಚ್ಚಿನ ತೊಂದರೆಗಳಿಗೆ ಬರುತ್ತೇನೆ. ಎರಡನೇ ವರ್ಷಕ್ಕೆ ಕೀಲಿನ ಪಿನ್ ಸಡಿಲವಾಯಿತು. ಹೋಳುಗಳು ಸರಿಯಾಗಿ ಕೂರದೆ ಭಾರದ ಅಂಚಿನಲ್ಲಿ ತೆಳು ಹಾಳೆಯಂತೆ ಸೀಸ ಸೋರತೊಡಗಿತು. ಲೇತ್ ಅಂಗಡಿಯಲ್ಲಿ ಹೊಸ ಪಿನ್ ಹಾಕಿಸಿದೆ, 150 ರೂಪಾಯಿ. ಅಂಚನ್ನು ಅರದಿಂದ ಉಜ್ಜಬೇಡಿ, ಪುಡಿಯಾಗುತ್ತದೆ. ಕಟಿಂಗ್ ಪ್ಲೇಯರ್‌ನಲ್ಲಿ ಕತ್ತರಿಸಿ. ಮರದ ಹಿಡಿ ಒಂದು ಕಡೆ ಸುಟ್ಟು ಕರಿಯಾಗಿದೆ. ಆರು ಔನ್ಸಿನ ಗುಂಡಿಯ ಬಾಯಿ ಚಿಕ್ಕದು, ಹೊಯ್ಯಲು ಕೈ ಬಹಳ ಸ್ಥಿರವಾಗಿರಬೇಕು. ತೂಕದಲ್ಲಿ ಮೋಸವಿಲ್ಲ. 142ರ ಗುಂಡಿಯಲ್ಲಿ ಬಲೆಯ ಸೀಸ 144 ಬಂದರೆ, ಟಯರ್ ಅಂಗಡಿಯದ್ದು 138 ಬರುತ್ತದೆ. ಅದರಲ್ಲಿ ಬೆರೆತ ಆಂಟಿಮನಿ ಎಂಬ ಲೋಹ ಸೀಸಕ್ಕಿಂತ ಹಗುರ.

ದುಡ್ಡಿನ ಲೆಕ್ಕ: ಐದು ಔನ್ಸಿನ ಭಾರಕ್ಕೆ ಸೀಸ 26 ರೂಪಾಯಿ, ತಂತಿ ಮತ್ತು ಗ್ಯಾಸ್ ಸೇರಿಸಿ 35. ತರಿಸಿಕೊಂಡರೆ ನನಗೆ 150ರ ಹತ್ತಿರ ಬೀಳುತ್ತಿತ್ತು. ಅಚ್ಚಿನ ಬೆಲೆ ಮೊದಲ ವರ್ಷವೇ ಹುಟ್ಟಿತು. ಆದರೂ ತಿಂಗಳಿಗೊಮ್ಮೆ ಗಾಳ ಹಿಡಿಯುವವರು, ಫ್ಲ್ಯಾಟ್‌ನಲ್ಲಿ ಇರುವವರು ಇದನ್ನು ಕೊಳ್ಳಬೇಡಿ. ಬಾಲ್ಕನಿಯಲ್ಲಿ ಮಾಡುವ ಕೆಲಸ ಇದಲ್ಲ. ನಾಲ್ಕು ಜನ ಸೇರಿ ತೋಟ ಇರುವ ಗೆಳೆಯನ ಹತ್ತಿರ ಒಂದು ಅಚ್ಚು ಇಡುವುದು ಸರಿ.

ಕೊಂಡವರಿಗೆ ಒಂದು ಮಾತು. ಭಾರದ ಔನ್ಸಿಗೆ ಹತ್ತು ಪೌಂಡ್ ಎಳೆತ ತಡೆಯುವ ಲೆಕ್ಕದಲ್ಲಿ, ಭಾರ ಕಟ್ಟುವ ಮುಂದಿನ ದಾರ ದಪ್ಪ ಇರಲಿ, ಐದು ಔನ್ಸಿಗೆ ಕನಿಷ್ಠ 50 ಪೌಂಡ್. ಎಸೆಯುವಾಗ ದಾರ ಕಡಿದರೆ ಆ ಸೀಸ ಗುಂಡಿನ ಹಾಗೆ ಹೋಗುತ್ತದೆ, ದಡದಲ್ಲಿ ಜನ ಇರುತ್ತಾರೆ. ಕಾಪು ದೀಪಸ್ತಂಭದ ಬಂಡೆಗಳಲ್ಲಿ ನಾನು ಸೀಸ ಬಳಸುವುದಿಲ್ಲ. ಅಲ್ಲಿ ಎಸೆದದ್ದರಲ್ಲಿ ಅರ್ಧ ವಾಪಸ್ ಬರುವುದಿಲ್ಲ. ಹಳೆಯ ಸ್ಪಾರ್ಕ್ ಪ್ಲಗ್ ಕಟ್ಟುತ್ತೇನೆ. ಹೊಳೆಯಲ್ಲೂ ಸಣ್ಣ ಸೀಸ ಬಿಟ್ಟಿದ್ದೇನೆ. ಹಂಸಗಳು ಸಣ್ಣ ಸೀಸ ನುಂಗಿ ಸಾಯುತ್ತಿದ್ದವು ಅಂತ ಬ್ರಿಟನ್ನಿನಲ್ಲಿ 1987ರಲ್ಲೇ 28 ಗ್ರಾಂವರೆಗಿನ ಗಾಳದ ಸೀಸ ನಿಲ್ಲಿಸಿದ್ದಾರೆ. ನಮ್ಮ ಹೊಳೆಗಳಲ್ಲೂ ನೀರುಕೋಳಿಗಳಿವೆ.

ಐದಕ್ಕೆ ನಾಲ್ಕು ನಕ್ಷತ್ರ ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಆ ಪಿನ್ನಿಗೆ. ಮುಂದಿನ ಫೆಬ್ರವರಿಗೆ ಹಲಸಿನ ಮರದ ಹೊಸ ಹಿಡಿ ಕೂರಿಸಬೇಕು. ಅಜ್ಜ ಆಗಲೇ ಒಂದು ತುಂಡು ಆರಿಸಿ ಒಣಗಲು ಇಟ್ಟಿದ್ದಾರೆ.