ಕ್ಯಾಂಪರ್‌ಗೆ ಚಳಿಗಾಲದ ತಯಾರಿ: ಗಾಳಿಯೋ, ಗುಲಾಬಿ ದ್ರವವೋ?

ಚಳಿ ಮುಗಿದ ಮೇಲೆ ಟ್ರಕ್ ಕ್ಯಾಂಪರ್‌ನ, ಅಂದರೆ ಪಿಕಪ್ ಟ್ರಕ್ ಬೆನ್ನ ಮೇಲೆ ಕೂರಿಸುವ ಪುಟ್ಟ ಮನೆಯ, ಹೊದಿಕೆ ತೆಗೆದು, ಟ್ಯಾಂಕ್ ತುಂಬಿಸಿ, ಪಂಪ್ ಸ್ವಿಚ್ ಹಾಕಿದೆ. ಪಂಪ್ ಗುರ್ ಅಂತ ಶುರುವಾಯಿತು, ನಿಲ್ಲಲೇ ಇಲ್ಲ. ನಲ್ಲಿಯಲ್ಲಿ ಬರೀ ಗಾಳಿ ಉಗುಳುತ್ತಿತ್ತು. ಸೀಟಿನ ಕೆಳಗೆ ಕೈ ಹಾಕಿದರೆ ಒದ್ದೆ. ಪಂಪ್‌ಗೆ ಮುಂಚೆ ಬರುವ ಫಿಲ್ಟರ್‌ನ ಪ್ಲಾಸ್ಟಿಕ್ ಬಟ್ಟಲಿನಲ್ಲಿ ಕೂದಲೆಳೆಯಷ್ಟು ಬಿರುಕು. ಇನ್ನೆಲ್ಲೂ ಏನೂ ಆಗಿರಲಿಲ್ಲ.

ಆ ವರ್ಷ ಚಳಿಗೆ ಮುಂಚೆ, ಪೈಪುಗಳಲ್ಲಿ ನೀರು ಉಳಿದು ಹೆಪ್ಪುಗಟ್ಟದಿರಲಿ ಅಂತ, ನಾನು ಬರೀ ಗಾಳಿ ಊದಿ ನಿಲ್ಲಿಸಿದ್ದೆ. ಹೊರಗಿನ ನೀರಿನ ಪೈಪ್ ಜೋಡಿಸುವ ಬಾಯಿಗೆ ಕಂಪ್ರೆಸರ್ ಸಿಕ್ಕಿಸಿ, ಒತ್ತಡ 40 ಪಿಎಸ್ಐ ದಾಟದಂತೆ ಇಟ್ಟು, ಒಂದೊಂದೇ ನಲ್ಲಿ ತೆರೆಯುತ್ತಾ ಹೋಗುವುದು. ಅರ್ಧ ಗಂಟೆಯ ಕೆಲಸ, ಖರ್ಚಿಲ್ಲ, ವಾಸನೆಯಿಲ್ಲ. ಆದರೆ ಪಂಪ್‌ನಲ್ಲಿ ನೀರು ವಾಪಸ್ ಹೋಗದ ಹಾಗೆ ತಡೆಯುವ ವಾಲ್ವ್ ಇರುತ್ತದೆ, ಅಲ್ವಾ? ಹಾಗಾಗಿ ಆ ಬಾಯಿಂದ ಊದಿದ ಗಾಳಿ ಪಂಪ್ ದಾಟಿ ಹಿಂದಕ್ಕೆ ಹೋಗುವುದೇ ಇಲ್ಲ. ಬಟ್ಟಲಿನಲ್ಲಿ ಉಳಿದ ನೀರು ಅಲ್ಲೇ ಹೆಪ್ಪುಗಟ್ಟಿತು. ಹೆಪ್ಪುಗಟ್ಟುವಾಗ ನೀರು ಸುಮಾರು ಶೇ. 9ರಷ್ಟು ಹಿಗ್ಗುತ್ತದೆ, ಪ್ಲಾಸ್ಟಿಕ್ ತಡೆಯಲಿಲ್ಲ.

ಮುಂದಿನ ಚಳಿಗಾಲ ಸಿಟ್ಟಿಗೆ ಪೂರ್ತಿ ಆಂಟಿಫ್ರೀಜ್, ಅಂದರೆ ಸುಲಭಕ್ಕೆ ಹೆಪ್ಪುಗಟ್ಟದ ದ್ರವ, ಹಾಕಿದೆ. ಕಾರಿನದ್ದಲ್ಲ, ಅದು ವಿಷ. ಕ್ಯಾಂಪರ್‌ಗೆಂದೇ ಸಿಗುವ ಗುಲಾಬಿ ಬಣ್ಣದ್ದು, ಪ್ರೊಪಿಲೀನ್ ಗ್ಲೈಕಾಲ್. ಪಂಪ್‌ನ ಹೀರುವ ಪೈಪನ್ನು ಡಬ್ಬಿಗೆ ಇಳಿಸಿ ನಲ್ಲಿ ತೆರೆದರೆ ಮೊದಲು ತಿಳಿ ನೀರು, ಆಮೇಲೆ ತೆಳು ಗುಲಾಬಿ, ಕೊನೆಗೆ ಶರಬತ್ತಿನಷ್ಟು ಗಾಢ. ಗಾಢ ಬಂತೋ, ಆ ಪೈಪ್ ಆಯಿತು. ನನಗೆ ಇಷ್ಟವಾಗಿದ್ದು ಇದೇ. ಗಾಳಿಯಲ್ಲಿ ಎಲ್ಲಾ ಹೋಗಿದೆ ಅಂತ ನಂಬಬೇಕು, ಇಲ್ಲಿ ಕಣ್ಣಿಗೇ ಕಾಣುತ್ತದೆ.

ಆದರೆ ಎಡವಟ್ಟು ಇಲ್ಲೂ ಮಾಡಿಕೊಂಡೆ. ದ್ರವ ಗೀಸರ್ ಒಳಗೆ ಹೋಗದೆ ಪಕ್ಕದಿಂದ ದಾಟುವಂತೆ ಮಾಡುವ ಬೈಪಾಸ್ ವಾಲ್ವ್ ತಿರುಗಿಸುವುದನ್ನೇ ಮರೆತೆ. ಗೀಸರ್ ಹೊಟ್ಟೆಗೆ ಸುಮಾರು 22 ಲೀಟರ್ ಹಿಡಿಯುತ್ತದೆ. ಡಬ್ಬಿ ಮೇಲೆ ಡಬ್ಬಿ ಖಾಲಿ, ಬಿಸಿನೀರಿನ ನಲ್ಲಿಯಲ್ಲಿ ಮಾತ್ರ ಬಣ್ಣವೇ ಇಲ್ಲ. ಇನ್ನು ಬೇಸಿಗೆಯ ಕಡೆ ಹೊರಟಾಗ ಎಷ್ಟು ತೊಳೆದರೂ ನೊರೆ, ಸಿಹಿ ಸಿಹಿ ರುಚಿ. ಮೊದಲ ಎರಡು ದಿನದ ಚಹಾ ಸುಮ್ನೆ ಚೆಲ್ಲಿದೆ.

ಡಬ್ಬಿಯ ಮೇಲೆ ಮೈನಸ್ 50 ಫ್ಯಾರನ್‌ಹೀಟ್, ಅಂದರೆ ಸುಮಾರು ಮೈನಸ್ 46 ಸೆಲ್ಸಿಯಸ್ ಅಂತ ದೊಡ್ಡದಾಗಿ ಬರೆದಿರುತ್ತದೆ. ಪೈಪ್ ಒಡೆಯದಂತೆ ಕಾಯುವ ಮಟ್ಟ ಅದು. ಅದಕ್ಕಿಂತ ಎಷ್ಟೋ ಮೊದಲೇ ದ್ರವ ಕೆಸರಿನಂತೆ ಗಟ್ಟಿಯಾಗುತ್ತದೆ. ಪೈಪಿನಲ್ಲಿ ಹಳೆಯ ನೀರು ಉಳಿದು ಬೆರೆತರೆ ಆ ಶಕ್ತಿಯೂ ಇಲ್ಲ.

ಒಂದನ್ನೇ ಆರಿಸು ಅಂದರೆ ನನ್ನ ಓಟು ಗುಲಾಬಿಗೇ. ಆದರೂ ಈಗ ಮೊದಲು ಗೀಸರ್ ಖಾಲಿ ಮಾಡಿ ಬೈಪಾಸ್‌ಗೆ ತಿರುಗಿಸುತ್ತೇನೆ, ಆಮೇಲೆ ಗಾಳಿ ಊದುತ್ತೇನೆ. ಅದಾದ ಮೇಲೆ ಗುಲಾಬಿ ಜಾಸ್ತಿ ಬೇಕಾಗುವುದಿಲ್ಲ. ಪಂಪ್ ಮೂಲಕ ಸ್ವಲ್ಪ ಓಡಿಸುತ್ತೇನೆ, ಸಿಂಕ್ ಮತ್ತು ಶವರ್ ಕೆಳಗಿನ ಬಾಗಿದ ಪೈಪುಗಳಿಗೆ ಒಂದೊಂದು ಲೋಟ ಸುರಿಯುತ್ತೇನೆ. ಆ ಬಾಗಿನಲ್ಲಿ ನಿಂತ ನೀರನ್ನು ಯಾವ ಕಂಪ್ರೆಸರೂ ಹೊರದೂಡುವುದಿಲ್ಲ. ಹೊರಗಿನ ಶವರ್ ಇದ್ದರೆ ಅದನ್ನೂ ತೆರೆಯಿರಿ, ಎಲ್ಲರೂ ಮರೆಯುವುದು ಅದನ್ನೇ.

ಬ್ಯಾಟರಿ ಸೀಸದ್ದಾದರೆ ಪೂರ್ತಿ ಚಾರ್ಜ್ ಮಾಡಿ ಒಳಗಿಡಿ. ಖಾಲಿಯಾದದ್ದು ಬೇಗ ಹೆಪ್ಪುಗಟ್ಟುತ್ತದೆ. ಫ್ರಿಜ್ ಬಾಗಿಲು ತೆರೆದಿಡಿ. ಆ ಫಿಲ್ಟರ್ ಬಟ್ಟಲನ್ನಂತೂ ನಾನು ಎಲ್ಲಾ ಮುಗಿದ ಮೇಲೆ ತಿರುಗಿಸಿ ಬಿಚ್ಚಿ, ಒರೆಸಿ, ಮನೆಯೊಳಗೆ ತಂದಿಡುತ್ತೇನೆ.